ಕ್ರಾಫರ್ಡ್ ಕೌಂಟಿಯಲ್ಲಿ ಮನೆ ಕೊಳ್ಳುವ ಮುನ್ನ: ನದಿದಂಡೆ, ಕಣಿವೆ, ಗುಡ್ಡದ ನೆತ್ತಿಗಳ ಹೋಲಿಕೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿರುವ ಕ್ರಾಫರ್ಡ್ ಕೌಂಟಿಯ ಜನಸಂಖ್ಯೆ ಸುಮಾರು 16 ಸಾವಿರ. ಪಶ್ಚಿಮದ ಗಡಿ ಮಿಸಿಸಿಪಿ, ದಕ್ಷಿಣದ ಗಡಿ ವಿಸ್ಕಾನ್ಸಿನ್ ನದಿ. ಇವೆರಡರ ನಡುವಿನ ಗುಡ್ಡಗಾಡಿನಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುವ ಕಿಕಪೂ ಎಂಬ ಸಣ್ಣ ನದಿಯು ಉತ್ತರದಿಂದ ಇಳಿದು ಬಂದು ವಾಝೀಕಾ ಊರಿನ ಬಳಿ ವಿಸ್ಕಾನ್ಸಿನ್ ನದಿಯನ್ನು ಕೂಡುತ್ತದೆ. ಮ್ಯಾಡಿಸನ್ ನಗರದಿಂದ ಸುಮಾರು ಎರಡು ಗಂಟೆಯ ದಾರಿಯಾದುದರಿಂದ, ನಗರದ ಬೆಲೆಗೆ ಹೆದರಿ ಸ್ವಲ್ಪ ಜಮೀನು, ಒಂದು ಹಳೆಯ ಮನೆ, ಹತ್ತಾರು ಸೇಬಿನ ಮರಗಳೆಂದು ಕನಸು ಕಾಣುವವರ ಕಣ್ಣು ಇತ್ತ ಬೀಳುವುದುಂಟು. ಅಂಥವರಿಗೆ ಸಿಗುವ ಜಾಗಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು: ಮಿಸಿಸಿಪಿಯ ದಂಡೆ, ಪ್ರೇರೀ ಡು ಶೀನ್ ಪಟ್ಟಣದ ಎತ್ತರದ ಭಾಗ, ಕಿಕಪೂ ಕಣಿವೆಯ ಹಳೆಯ ಊರುಗಳು, ನೆರೆಯ ನಂತರ ಮೇಲಕ್ಕೆ ಸರಿದ ಹೊಸ ಬಡಾವಣೆಗಳು, ಗುಡ್ಡಗಳ ನಡುವಿನ ಕಿರುಕಣಿವೆಗಳು ಮತ್ತು ಗುಡ್ಡದ ನೆತ್ತಿ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಇಲ್ಲಿ ನೆರೆಯ ಅಪಾಯದ ದೃಷ್ಟಿಯಿಂದ ಮಾತ್ರ ಪರಿಶೀಲಿಸಲಾಗಿದೆ. ಶಾಲೆ, ಆಸ್ಪತ್ರೆ, ಇಂಟರ್ನೆಟ್ ಸಂಪರ್ಕಗಳ ವಿಚಾರ ಇದರಲ್ಲಿ ಬರುವುದಿಲ್ಲ.

ಮನೆ ನೋಡಲು ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಇದು ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ನೆರೆನಕ್ಷೆಯ ಅಪಾಯವಲಯದೊಳಗೆ ಇದೆಯೇ ಎಂಬುದು. ಆ ಪ್ರಶ್ನೆ ಬೇಕಾದದ್ದೇ. ಆದರೆ ಈ ಕೌಂಟಿಯ ಮಟ್ಟಿಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಮನೆಯ ಹತ್ತಿರ ಬರುವ ನೀರು ಯಾವುದು, ಮತ್ತು ಅದು ಬರುವ ಮುನ್ನ ಎಷ್ಟು ಹೊತ್ತು ಕೊಡುತ್ತದೆ? ನಕ್ಷೆಯಲ್ಲಿ ಒಂದೇ ಬಣ್ಣ ಬಳಿದಿರುವ ಎರಡು ಜಾಗಗಳ ನಡುವೆ, ವಾರದ ಮುಂಚಿತ ಸೂಚನೆ ಸಿಗುವ ಜಾಗಕ್ಕೂ ನಡುರಾತ್ರಿ ನಿದ್ದೆಯಿಂದ ಎದ್ದು ಓಡಬೇಕಾದ ಜಾಗಕ್ಕೂ ಇರುವಷ್ಟು ಅಂತರ ಇರಬಹುದು.

ಮೂರು ಬಗೆಯ ನೀರು

ಹಿಮಯುಗದ ಹಿಮನದಿಗಳು ಮಧ್ಯಪಶ್ಚಿಮದ ಬಹುಭಾಗವನ್ನು ಉಜ್ಜಿ ಸಪಾಟು ಮಾಡಿದರೂ ಈ ಮೂಲೆಯನ್ನು ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಕಡಿದಾದ ಗುಡ್ಡಗಳು, ಇಕ್ಕಟ್ಟಾದ ಕಣಿವೆಗಳು ಉಳಿದುಕೊಂಡಿವೆ. ಮಳೆನೀರನ್ನು ಹಿಡಿದಿಡುವ ಸರೋವರಗಳಾಗಲಿ, ವಿಶಾಲವಾದ ಜೌಗು ಪ್ರದೇಶಗಳಾಗಲಿ ಗುಡ್ಡಗಳ ಮೇಲೆ ಇಲ್ಲ. ನೆತ್ತಿಯ ಹೊಲಗಳ ಮೇಲೆ ಬಿದ್ದ ಮಳೆ ಇಳಿಜಾರನ್ನು ಹಿಡಿದು ನೇರವಾಗಿ ಕಣಿವೆಯ ತಳಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದ ರೈತರು ಇಳಿಜಾರುಗಳನ್ನು ಉತ್ತು, ಕಾಡು ಕಡಿದು, ಹಸು ಮೇಯಿಸಿದ್ದರಿಂದ ಮೇಲ್ಮಣ್ಣು ಕೊಚ್ಚಿಬಂದು ಕಣಿವೆಯ ತಳದಲ್ಲಿ ಅಡಿಗಟ್ಟಲೆ ತುಂಬಿತು. ಇದಕ್ಕೆ ಮದ್ದಾಗಿ 1933ರಲ್ಲಿ ಪಕ್ಕದ ವರ್ನನ್ ಕೌಂಟಿಯ ಕೂನ್ ವ್ಯಾಲಿಯಲ್ಲಿ, ಒಂದು ಇಡೀ ಜಲಾನಯನವನ್ನೇ ಮಣ್ಣು ಸಂರಕ್ಷಣೆಯ ಮಾದರಿಯಾಗಿ ಮಾಡುವ ಕೆಲಸ ದೇಶದಲ್ಲೇ ಮೊದಲ ಬಾರಿಗೆ ಆರಂಭವಾಯಿತು. ಇಳಿಜಾರಿಗೆ ಅಡ್ಡಲಾಗಿ ಉಳುವ ಸಮಪಾತಳಿ ಬೇಸಾಯ, ಪಟ್ಟೆ ಬೆಳೆಗಳು ಈ ಭಾಗದಲ್ಲಿ ಹಬ್ಬಿದ್ದು ಆಮೇಲೆ. ಸಾಧಾರಣ ಮಳೆಯ ಮಟ್ಟಿಗೆ ಇವು ನೆರೆಯ ಅಬ್ಬರವನ್ನು ನಿಜವಾಗಿಯೂ ತಗ್ಗಿಸಿದವು. ಅಸಾಧಾರಣ ಮಳೆಯ ವಿಚಾರ ಮಾತ್ರ ಬೇರೆ.

ಮಿಸಿಸಿಪಿಯ ನೆರೆ ನಿಧಾನವಾದದ್ದು. ಉತ್ತರದ ಮಿನಸೋಟದಲ್ಲಿ ಚಳಿಗಾಲದುದ್ದಕ್ಕೂ ಕೂಡಿದ ಹಿಮ ಏಪ್ರಿಲ್ ಹೊತ್ತಿಗೆ ಕರಗಿ, ಅದರ ಮೇಲೆ ವಸಂತದ ಮಳೆಯೂ ಬಿದ್ದರೆ, ನದಿ ದಿನಕ್ಕೆ ಇಷ್ಟಿಷ್ಟೆಂದು ಏರುತ್ತ ಬರುತ್ತದೆ. ಪ್ರೇರೀ ಡು ಶೀನ್ ಪಟ್ಟಣದ ಎದುರು ದಂಡೆಯಲ್ಲಿ, ಅಯೋವಾದ ಮೆಕ್‌ಗ್ರೆಗರ್‌ನಲ್ಲಿರುವ ಅಳತೆಪಟ್ಟಿಯಲ್ಲಿ 16 ಅಡಿ ಮುಟ್ಟಿದರೆ ಅದನ್ನು ನೆರೆಮಟ್ಟವೆಂದು ಎಣಿಸುತ್ತಾರೆ. 1965ರ ಏಪ್ರಿಲ್‌ನಲ್ಲಿ ಅದು 25 ಅಡಿಯನ್ನೂ ದಾಟಿತು. ಆ ದಾಖಲೆಯನ್ನು ಇನ್ನೂ ಯಾವ ನೆರೆಯೂ ಮುರಿದಿಲ್ಲ. 2001ರ ಮತ್ತು 2023ರ ವಸಂತಗಳಲ್ಲೂ ದೊಡ್ಡ ನೆರೆ ಬಂದಿತ್ತು. ಈ ನೆರೆಯಲ್ಲಿ ಪ್ರಾಣಭಯ ಕಡಿಮೆ, ಆದರೆ ನೀರು ಬೇಗ ಇಳಿಯುವುದಿಲ್ಲ. ವಾರಗಟ್ಟಲೆ ನಿಂತ ನೀರು ಗೋಡೆಗೆ ಮಾಡುವ ಹಾನಿ ಒಂದು ದಿನ ಹರಿದುಹೋದ ನೀರಿನ ಹಾನಿಗಿಂತ ಬೇರೆ ಬಗೆಯದು.

ಕಿಕಪೂ ನದಿಯ ನೆರೆ ಬೇಸಿಗೆಯದ್ದು, ಗುಡುಗುಮಳೆಯದ್ದು. 1907, 1912, 1917, 1935, 1951, 1978 ಎಂದು ಹಿಂದಿನ ಶತಮಾನದುದ್ದಕ್ಕೂ ಅದರ ಪಟ್ಟಿ ಬೆಳೆದಿದೆ. 2007ರ ಆಗಸ್ಟ್‌ನಲ್ಲಿ ಮುಳುಗಿದ ಗೇಸ್ ಮಿಲ್ಸ್ ಊರು ಕೆಸರು ಬಳಿದು, ಗೋಡೆ ಒಣಗಿಸಿ, ಹೊಸ ನೆಲಹಾಸು ಹಾಕಿಕೊಳ್ಳುವಷ್ಟರಲ್ಲಿ, ಹತ್ತೇ ತಿಂಗಳಿಗೆ, 2008ರ ಜೂನ್‌ನಲ್ಲಿ ಮತ್ತೆ ಮುಳುಗಿತು. 2018ರ ಆಗಸ್ಟ್ ಕೊನೆಯಲ್ಲಿ ಬಂದದ್ದು ಅವೆರಡನ್ನೂ ಮೀರಿತು. ಇಲ್ಲಿ ಸಿಗುವ ಅವಧಿ ಗಂಟೆಗಳ ಲೆಕ್ಕದಲ್ಲಿದೆ: ಮೇಲಿನ ಲಾ ಫಾರ್ಜ್‌ನಲ್ಲಿ ನದಿ ಏರಿದ ಸುದ್ದಿ ಕೆಳಗಿನ ಊರುಗಳಿಗೆ ಮುಂಚಿತವಾಗಿ ತಲಪುತ್ತದೆ, ಸಾಮಾನು ಸಾಗಿಸಲು ಒಂದಷ್ಟು ಹೊತ್ತು ಸಿಗುತ್ತದೆ.

ಮೂರನೆಯದು ಕಿರುಕಣಿವೆಗಳ ತೊರೆಗಳ ನೀರು. ಅದಕ್ಕೆ ಅಳತೆಪಟ್ಟಿಯೂ ಇಲ್ಲ, ಮುನ್ಸೂಚನೆಯೂ ಹೆಚ್ಚಾಗಿ ಇಲ್ಲ.

ಕಣಿವೆಯ ಹಳೆಯ ಊರುಗಳು

ಕಿಕಪೂ ದಂಡೆಯ ಹಳೆಯ ಮನೆಗಳ ಬೆಲೆ ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಗೇಸ್ ಮಿಲ್ಸ್‌ನ ಹಳೆಯ ಬೀದಿಗಳು ಅಂದವಾಗಿವೆ, ಅಂಗಡಿ ಅಂಚೆಗಳು ನಡೆದುಹೋಗುವ ದೂರದಲ್ಲಿವೆ, ಹಿಂದೆ ನದಿ, ಮುಂದೆ ಗುಡ್ಡ. ಆದರೆ ಅಲ್ಲಿ ಇಂದು ಕಾಣುವ ಮನೆಗಳಲ್ಲಿ ಒಂದೊಂದರ ಚರಿತ್ರೆಯೂ ಬೇರೆ ಬೇರೆ. 2008ರ ನಂತರ ಕೆಲವನ್ನು ಸರ್ಕಾರದ ಹಣದಿಂದ ಕೊಂಡು ಕೆಡವಲಾಯಿತು. ಕೆಲವನ್ನು ಎತ್ತರದ ಅಡಿಪಾಯದ ಮೇಲೆ ಏರಿಸಲಾಯಿತು. ಮತ್ತೆ ಕೆಲವು ಇದ್ದಂತೆಯೇ ಉಳಿದವು. ಈ ಮೂರನೆಯ ಗುಂಪಿನ ಮನೆ ಎಷ್ಟೇ ಅಗ್ಗವಾಗಿರಲಿ, ಅದನ್ನು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ವಿಸ್ಕಾನ್ಸಿನ್‌ನ ನಿಯಮದ ಪ್ರಕಾರ ನೆರೆಬಯಲಿನಲ್ಲಿ ಹೊಸದಾಗಿ ಕಟ್ಟುವ ಮನೆಯ ನೆಲ, ಯಾವುದೇ ವರ್ಷದಲ್ಲಿ ನೂರರಲ್ಲೊಂದು ಸಂಭವವಿರುವ ನೆರೆಯ ಮಟ್ಟಕ್ಕಿಂತ ಎರಡು ಅಡಿ ಮೇಲಿರಬೇಕು. ಹಳೆಯ ಮನೆಗಳಿಗೆ ಈ ನಿಯಮ ಕೂಡಲೇ ತಟ್ಟುವುದಿಲ್ಲ. ಆದರೆ ಒಂದು ನೆರೆಯಿಂದ ಆದ ಹಾನಿ ಮನೆಯ ಮೌಲ್ಯದ ಅರ್ಧವನ್ನು ಮುಟ್ಟಿದರೆ, ಅದನ್ನು ಹೊಸ ಮನೆಯ ನಿಯಮಕ್ಕೆ ಸರಿಯಾಗಿ ಏರಿಸದೆ ದುರಸ್ತಿ ಮಾಡಲು ಅನುಮತಿ ಸಿಗದು. ಕೊಳ್ಳುವ ಬೆಲೆ ಕಡಿಮೆಯಾದಷ್ಟೂ ಆ ಅರ್ಧದ ಗೆರೆ ಬೇಗ ಮುಟ್ಟುತ್ತದೆ ಎಂಬುದನ್ನು ಅಗ್ಗದ ಮನೆಗೆ ಮನಸೋತವರು ಗಮನಿಸುವುದಿಲ್ಲ. ನೆರೆವಿಮೆಯಲ್ಲಿ ಇಂಥ ಏರಿಕೆಗೆಂದು ಸಿಗುವ ಹೆಚ್ಚುವರಿ ಹಣದ ಮಿತಿ 30,000 ಡಾಲರ್; ಹಳೆಯ ಮನೆಯೊಂದನ್ನು ಎತ್ತಿ ಕೂರಿಸಲು ಅದು ಸಾಲದೆ ಹೋಗಬಹುದು.

ಏರಿಸಿದ ಮನೆಯ ವಿಷಯ ಬೇರೆ. ಅಂಥ ಮನೆಯನ್ನು ಪರಿಗಣಿಸಬಹುದು, ಆದರೆ ಎರಡು ಷರತ್ತುಗಳ ಮೇಲೆ. ಎಷ್ಟು ಅಡಿ ಏರಿಸಿದ್ದಾರೆಂಬುದಕ್ಕೆ ಭೂಮಾಪಕರು ಸಹಿ ಹಾಕಿದ ಎತ್ತರದ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಮತ್ತು 2018ರಲ್ಲಿ ಆ ಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಅಕ್ಕಪಕ್ಕದವರಿಂದ ತಿಳಿಯಬೇಕು. ನೆಲ ಒಣಗಿ ಉಳಿದಿದ್ದರೂ ಕಾರು, ಕೊಳವೆಬಾವಿ, ಮಲಗುಂಡಿ, ಊರಿನ ರಸ್ತೆಗಳು ಮುಳುಗಿರುತ್ತವೆ. ಮನೆ ಒಣಗಿದೆ ಎಂಬುದಕ್ಕೂ ಮನೆಯಲ್ಲಿ ಬದುಕಬಹುದು ಎಂಬುದಕ್ಕೂ ಕೆಲವು ದಿನಗಳ ಮಟ್ಟಿಗಾದರೂ ವ್ಯತ್ಯಾಸವಿದೆ. ಸುತ್ತ ಕೆಡವಿದ ಮನೆಗಳ ನಿವೇಶನಗಳು ಇನ್ನು ಮುಂದೆ ಎಂದೆಂದಿಗೂ ಖಾಲಿಯಾಗಿಯೇ ಇರುತ್ತವೆಂಬುದನ್ನೂ ನೆನಪಿಡಬೇಕು: ಫೆಮಾ ಹಣದಿಂದ ಕೊಂಡ ಜಾಗದ ಪತ್ರದಲ್ಲೇ ಆ ಷರತ್ತು ಸೇರಿರುತ್ತದೆ. ಕೆಲವರಿಗೆ ಅದು ಒಳ್ಳೆಯ ಬಯಲು, ಊರಿನ ತೆರಿಗೆಯ ಲೆಕ್ಕ ಬರೆಯುವವರಿಗೆ ಮಾತ್ರ ನಷ್ಟ.

ಮೇಲಕ್ಕೆ ಸರಿದ ಊರು

ಕಿಕಪೂ ದಂಡೆಯ ಸೋಲ್ಜರ್ಸ್ ಗ್ರೋವ್ ಹಳ್ಳಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆ ಕೊಳ್ಳುವವರು ಇಂದು ಎದುರಿಸುವ ಆಯ್ಕೆಯನ್ನು ಆ ಊರು ಒಟ್ಟಾಗಿ ಎದುರಿಸಿತ್ತು. ಸೇನೆಯ ಎಂಜಿನಿಯರ್ ವಿಭಾಗವು ಊರಿಗೆ ಒಡ್ಡು ಕಟ್ಟಿಕೊಡಲು ಮುಂದೆ ಬಂದಿತ್ತು. ಆ ಒಡ್ಡಿನ ವೆಚ್ಚ ಸುಮಾರು 35 ಲಕ್ಷ ಡಾಲರ್, ಅದು ಕಾಪಾಡಬೇಕಿದ್ದ ಆಸ್ತಿಯ ಬೆಲೆ ಸುಮಾರು 10 ಲಕ್ಷ ಡಾಲರ್. ಒಡ್ಡಿನ ನಿರ್ವಹಣೆಯ ಖರ್ಚು ಊರಿನ ಪಾಲಿಗೇ ಬೀಳುವಂತಿತ್ತು. ಲೆಕ್ಕ ಹಾಕಿ ನೋಡಿದ ಊರಿನವರು, ಆ ಹಣದಲ್ಲಿ ಪೇಟೆಯನ್ನೇ ಎತ್ತರದ ಜಾಗಕ್ಕೆ ಸಾಗಿಸಬಾರದೇಕೆ ಎಂದು ಕೇಳಿದರು. ವರ್ಷಗಟ್ಟಲೆ ಅದಕ್ಕೆ ಉತ್ತರ ಸಿಗಲಿಲ್ಲ. 1978ರ ಜುಲೈ ನೆರೆ ಪೇಟೆಯನ್ನು ಹಾಳುಮಾಡಿದ ಮೇಲೆ ಒಕ್ಕೂಟ ಸರ್ಕಾರದ ಹಣ ಬಂತು, ಅಂಗಡಿಗಳು ಮೇಲಕ್ಕೆ ಸರಿದವು. ತೈಲಸಂಕಟದ ಕಾಲವಾದುದರಿಂದ, ಹೊಸ ಪೇಟೆಯ ಕಟ್ಟಡಗಳು ಬೇಕಾದ ಶಾಖದಲ್ಲಿ ಕನಿಷ್ಠ ಅರ್ಧವನ್ನಾದರೂ ಸೂರ್ಯನಿಂದ ಪಡೆಯಬೇಕೆಂದು ಊರು ಕಟ್ಟಳೆ ಮಾಡಿತು. ಹೀಗೆ ನೆರೆಗೆ ಹೆದರಿ ಓಡಿದ ಊರು ಸೌರಗ್ರಾಮವೆಂದು ಹೆಸರಾಯಿತು.

ಗೇಸ್ ಮಿಲ್ಸ್ ಇದೇ ದಾರಿಯನ್ನು ಮೂರು ದಶಕಗಳ ನಂತರ, ಅರ್ಧ ಮಾತ್ರ ಹಿಡಿಯಿತು. ಊರಿನ ಉತ್ತರಕ್ಕೆ ಎತ್ತರದ ಜಾಗದಲ್ಲಿ ಹೊಸ ಸಮುದಾಯ ಕೇಂದ್ರ, ಅಂಗಡಿ, ಮನೆಗಳು ಎದ್ದವು. ಹಳೆಯ ಪೇಟೆಯೂ ಉಳಿಯಿತು. ಈ ಎರಡು ಊರುಗಳನ್ನು ಹೋಲಿಸಿದರೆ, ಒಟ್ಟಾಗಿ ಸರಿದ ಸೋಲ್ಜರ್ಸ್ ಗ್ರೋವ್‌ನಲ್ಲಿ ನೆರೆ ಬಂದ ಮರುದಿನವೂ ಪೇಟೆ ತೆರೆದಿರುವ ಸಂಭವ ಹೆಚ್ಚು. ಗೇಸ್ ಮಿಲ್ಸ್‌ನಲ್ಲಿ ನಿಮ್ಮ ಹೊಸ ಮನೆ ಸುರಕ್ಷಿತವಾಗಿದ್ದರೂ ಊರಿನ ಅರ್ಧ ಕೆಸರಿನಲ್ಲಿರಬಹುದು. ಸೋಲ್ಜರ್ಸ್ ಗ್ರೋವ್‌ನಲ್ಲೂ ಎಲ್ಲ ಮನೆಗಳೂ ಮೇಲಿಲ್ಲ, ಆದುದರಿಂದ ಊರಿನ ಹೆಸರನ್ನು ನಂಬದೆ ನಿವೇಶನವನ್ನು ನೋಡಬೇಕು. ಕಣಿವೆಯಲ್ಲೇ ಇರಬೇಕೆಂಬ ಮನಸ್ಸಿದ್ದವರಿಗೆ ಇಂಥ ಮೇಲಿನ ನಿವೇಶನಗಳು ಬೆಲೆ ಹೆಚ್ಚಾದರೂ ತಕ್ಕವು ಎಂದು ಹೇಳಬಲ್ಲೆ.

ಮೇಲೆ ಅಣೆಕಟ್ಟು ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಇರಬೇಕಾಗಿತ್ತು. ವರ್ನನ್ ಕೌಂಟಿಯ ಲಾ ಫಾರ್ಜ್ ಬಳಿ ಕಿಕಪೂ ನದಿಗೆ ಅಣೆಕಟ್ಟು ಕಟ್ಟಲು 1962ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು, ಸುಮಾರು 140 ಕುಟುಂಬಗಳ ಹೊಲಮನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು, 1971ರಲ್ಲಿ ಕೆಲಸ ಶುರುವಾಯಿತು. ನಿಂತ ನೀರು ಪಾಚಿಗಟ್ಟಿ ಕೆಡುತ್ತದೆಂಬ ಅಧ್ಯಯನ, ಕಣಿವೆಯ ಬಂಡೆಗಳ ಮೇಲಿನ ಅಪರೂಪದ ಸಸ್ಯಗಳ ಪ್ರಶ್ನೆ, ಏರುತ್ತಿದ್ದ ವೆಚ್ಚ ಎಲ್ಲ ಸೇರಿ 1975ರಲ್ಲಿ ಅದು ನಿಂತಿತು. ನೂರು ಅಡಿ ಮೀರಿದ ಕಾಂಕ್ರೀಟ್ ಗೋಪುರವೊಂದು ಅಲ್ಲಿ ಇಂದಿಗೂ ಒಂಟಿಯಾಗಿ ನಿಂತಿದೆ. ಆ ಭೂಮಿ ಈಗ ಕಿಕಪೂ ಕಣಿವೆಯ ಮೀಸಲು ಪ್ರದೇಶವಾಗಿದ್ದು, ಹೋ-ಚಂಕ್ ಮೂಲನಿವಾಸಿ ಜನಾಂಗವೂ ಅದರ ಆಡಳಿತದಲ್ಲಿ ಪಾಲುದಾರ. ಇನ್ನು ಉಪನದಿಗಳ ಮೇಲಿನ ಸಣ್ಣ ಮಣ್ಣಿನ ಅಣೆಕಟ್ಟುಗಳ ಮಾತು: 2018ರ ಆಗಸ್ಟ್ ಮಳೆಯಲ್ಲಿ ಕೂನ್ ಕ್ರೀಕ್ ಮತ್ತು ಪಶ್ಚಿಮ ಕಿಕಪೂ ಜಲಾನಯನಗಳಲ್ಲಿ ಅಂಥ ಐದು ಕಟ್ಟೆಗಳು ಒಡೆದವು, ಅವುಗಳಲ್ಲಿ ಜರ್ಸಿ ವ್ಯಾಲಿಯದೂ ಒಂದು. ಒಡೆದದ್ದು ಹೆಚ್ಚಾಗಿ ಮಣ್ಣಿನ ಕಟ್ಟೆ ಗುಡ್ಡದ ಬಿರುಕುಬಿಟ್ಟ ಮರಳುಕಲ್ಲಿಗೆ ಆತುಕೊಂಡಿದ್ದ ಅಂಚಿನಲ್ಲಿ. ಮೇಲೆ ಕಟ್ಟೆಯಿದೆ, ಹಾಗಾಗಿ ಭಯವಿಲ್ಲ ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಭರವಸೆಯಾಗಿ ಅಲ್ಲ, ಎಚ್ಚರಿಕೆಯಾಗಿ ತೆಗೆದುಕೊಳ್ಳುವುದು ಕ್ಷೇಮ.

ಮಿಸಿಸಿಪಿಯ ಬದಿ

ಪ್ರೇರೀ ಡು ಶೀನ್ ಕೌಂಟಿಯ ಕೇಂದ್ರ. ಅದರ ಹಳೆಯ ಭಾಗವಾದ ಸೇಂಟ್ ಫೆರಿಯೋಲ್ ದ್ವೀಪ ಮತ್ತೆ ಮತ್ತೆ ಮುಳುಗುತ್ತಿತ್ತು. 1965ರ ನಂತರ ಒಡ್ಡಿನ ಬದಲು ಜನರನ್ನೇ ಸಾಗಿಸುವುದೆಂದು ನಿರ್ಧಾರವಾಗಿ, ಸೇನೆಯ ಎಂಜಿನಿಯರ್ ವಿಭಾಗವೇ ಮುಂದೆ ನಿಂತು ದ್ವೀಪದ ಮನೆಗಳನ್ನು ಕೊಂಡು ತೆರವು ಮಾಡಿತು. ಪುರಾತನ ದಿಬ್ಬದ ಮೇಲೆ ಕಟ್ಟಿದ ವಿಲಾ ಲೂಯಿ ಎಂಬ ಶ್ರೀಮಂತ ಮನೆ ವಸ್ತುಸಂಗ್ರಹಾಲಯವಾಗಿ ಉಳಿದಿದೆ; ಉಳಿದ ಬಹುಭಾಗ ಉದ್ಯಾನ. ಪಟ್ಟಣದ ಮುಖ್ಯಭಾಗವೋ ನದಿ ಬಹು ಹಿಂದೆ ಬಿಟ್ಟುಹೋದ ಮರಳಿನ ಎತ್ತರದ ಮೆಟ್ಟಿಲಿನ ಮೇಲಿದೆ. ಇಡೀ ಕೌಂಟಿಯಲ್ಲಿ ನೆರೆಯ ದೃಷ್ಟಿಯಿಂದ ನಿಶ್ಚಿಂತೆಯಾಗಿ ಕೊಳ್ಳಬಹುದಾದ ಜಾಗ ಯಾವುದೆಂದು ಒಂದೇ ಮಾತಿನಲ್ಲಿ ಕೇಳಿದರೆ, ಆ ಎತ್ತರದ ಭಾಗವನ್ನೇ ಹೆಸರಿಸುತ್ತೇನೆ. ಮಣ್ಣು ನೀರಿಳಿಸುವಂಥದ್ದು, ಆಸ್ಪತ್ರೆ ಪೇಟೆಗಳಿಗೆ ದಾರಿ ಕಡಿಯುವುದಿಲ್ಲ, ನದಿಯೂ ನಡೆದುಹೋಗುವ ದೂರದಲ್ಲಿದೆ. ಕಾಡುಗುಡ್ಡದ ಏಕಾಂತವನ್ನು ಬಯಸಿ ಬಂದವರಿಗೆ ಅದು ರುಚಿಸಲಾರದು, ಅಷ್ಟೆ.

ಉತ್ತರಕ್ಕೆ 35ನೆಯ ಹೆದ್ದಾರಿ ಹಿಡಿದರೆ ಲಿಂಕ್ಸ್‌ವಿಲ್, ಫೆರಿವಿಲ್ ಊರುಗಳು ಬಂಡೆಗುಡ್ಡಕ್ಕೂ ನದಿಗೂ ನಡುವಿನ ಕಿರಿದಾದ ಪಟ್ಟಿಯ ಮೇಲೆ ಉದ್ದುದ್ದವಾಗಿ ಹರಡಿಕೊಂಡಿವೆ. ಲಿಂಕ್ಸ್‌ವಿಲ್ ಬಳಿ ಮಿಸಿಸಿಪಿಯ 9ನೆಯ ಸಂಖ್ಯೆಯ ಅಣೆಕಟ್ಟಿದೆ. ಅದು ಹಡಗುಗಳಿಗೆ ಒಂಬತ್ತು ಅಡಿ ಆಳದ ದಾರಿ ಇರಲೆಂದು 1930ರ ದಶಕದಲ್ಲಿ ಕಟ್ಟಿದ್ದು. ನೆರೆ ತಡೆಯುವುದು ಅದರ ಕೆಲಸವಲ್ಲ, ನೆರೆಯ ಕಾಲದಲ್ಲಿ ಅದರ ಬಾಗಿಲುಗಳನ್ನು ನೀರಿನಿಂದ ಮೇಲಕ್ಕೆತ್ತಿ ನದಿಯನ್ನು ಅದರ ಪಾಡಿಗೆ ಬಿಡುತ್ತಾರೆ. ಈ ಊರುಗಳಲ್ಲಿ ಮುಂದಿನಿಂದ ಬರುವ ನದಿಗಿಂತ ಹಿಂದಿನ ಗುಡ್ಡದಿಂದ ಇಳಿಯುವ ನೀರು, ಕಲ್ಲು, ಜರಿಯುವ ಮಣ್ಣು ಹೆಚ್ಚು ಅಪಾಯಕರ. ಮನೆಯ ಹಿಂಬದಿಯ ಇಳಿಜಾರನ್ನು ಹತ್ತಿ ನೋಡದೆ ಇಲ್ಲಿ ಬೆಲೆ ಮಾತಾಡಬಾರದು.

ವಿಸ್ಕಾನ್ಸಿನ್ ನದಿಯ ಬದಿಯ ಜಾಗಗಳು ಕಡಿಮೆ. ದಂಡೆಯ ಬಹುಭಾಗ ರಾಜ್ಯದ ಸಂರಕ್ಷಿತ ನದಿಮಾರ್ಗದೊಳಗಿದೆ. ಆದರೆ ವಾಝೀಕಾದ ತಗ್ಗಿನ ಭಾಗದಲ್ಲಿ ಎರಡು ನದಿಗಳ ನೀರೂ ಸೇರುವುದರಿಂದ ಅಲ್ಲಿ ವಿಶೇಷ ಎಚ್ಚರಿಕೆ ಬೇಕು.

ಕಿರುಕಣಿವೆ ಮತ್ತು ನೆತ್ತಿ

ಎರಡು ಗುಡ್ಡಗಳ ನಡುವೆ, ಟ್ರೌಟ್ ಮೀನಿನ ತಣ್ಣನೆಯ ತೊರೆಯ ಪಕ್ಕದಲ್ಲಿ, ಹಳೆಯ ಕೊಟ್ಟಿಗೆಯೊಂದಿಗೆ ಮಾರಾಟಕ್ಕಿರುವ ಹೊಲಮನೆ ಫೋಟೋದಲ್ಲಿ ಎಲ್ಲಕ್ಕಿಂತ ಚೆಂದ. ನೆರೆನಕ್ಷೆಯಲ್ಲಿ ಅಂಥ ಜಾಗ ಅಪಾಯವಲಯದ ಹೊರಗೆ ಕಾಣಬಹುದು, ಅಥವಾ ನೆರೆಯ ಎತ್ತರವನ್ನೇ ನಮೂದಿಸದ ‘ಎ’ ವಲಯದಲ್ಲಿರಬಹುದು. ಸಣ್ಣ ತೊರೆಗಳ ವಿವರವಾದ ಅಳತೆ ನಡೆಯದೆ ಇರುವುದೇ ಇದಕ್ಕೆ ಕಾರಣ; ನಕ್ಷೆ ಸುಮ್ಮನಿದೆ ಎಂದರೆ ಅಪಾಯವಿಲ್ಲ ಎಂದು ಅರ್ಥವಲ್ಲ. ಒಂದು ಗಂಟೆಯಲ್ಲಿ ಮೂರು ನಾಲ್ಕು ಇಂಚು ಮಳೆ ಸುರಿದರೆ ಮೊಣಕಾಲುದ್ದದ ತೊರೆ ಸೇತುವೆಯನ್ನೇ ಎತ್ತಿಕೊಂಡು ಹೋಗುತ್ತದೆ. ಅಂಥ ಮನೆಗೆ ಹೋಗುವ ಏಕೈಕ ದಾರಿಯಲ್ಲಿ ಖಾಸಗಿ ಸೇತುವೆಯೋ ಮೋರಿಯೋ ಇದ್ದರೆ, ಅದು ಕೊಚ್ಚಿಹೋದಾಗ ಕಟ್ಟಿಸುವವರು ಕೊಂಡವರೇ. ತೊರೆಗಿಂತ ಹತ್ತು ಹನ್ನೆರಡು ಅಡಿ ಮೇಲೆ ಗುಡ್ಡದ ಹೆಗಲಿನಲ್ಲಿ ಮನೆಯಿದ್ದರೆ ಮಾತ್ರ, ಅದೂ ಪಕ್ಕದ ಕೊರಕಲಿನ ಬಾಯಿಗೆ ಎದುರಾಗಿ ಇಲ್ಲದಿದ್ದರೆ ಮಾತ್ರ, ನಾನು ಇದನ್ನು ಒಪ್ಪುವೆ.

ನೆತ್ತಿಯ ಜಾಗಕ್ಕೆ ನದಿಯ ಭಯವಿಲ್ಲ. ಗೇಸ್ ಮಿಲ್ಸ್‌ನ ಹೆಸರಾಂತ ಸೇಬಿನ ತೋಟಗಳೆಲ್ಲ ಊರಿನ ಮೇಲಿನ ನೆತ್ತಿಯಲ್ಲಿರುವುದು ತಣ್ಣನೆಯ ಗಾಳಿ ಕಣಿವೆಗೆ ಇಳಿದು ಹೂವಿನ ಕಾಲದ ಮಂಜಿನಿಂದ ಮರಗಳು ಉಳಿಯಲೆಂದು; ನೆರೆಯಿಂದಲೂ ಉಳಿದದ್ದು ಲಾಭದ ಮೇಲೆ ಲಾಭ. ಆದರೆ ನೆತ್ತಿಯಲ್ಲಿ ಬಾವಿ ಬಹಳ ಆಳಕ್ಕೆ ಹೋಗಬೇಕು, ಸುಣ್ಣದಂಶದ ಬಂಡೆಯ ಬಿರುಕುಗಳ ಮೂಲಕ ಮೇಲಿನ ಕೊಳೆ ಅಂತರ್ಜಲಕ್ಕೆ ಇಳಿಯುವ ಸಾಧ್ಯತೆಯೂ ಇದೆ. ಬಾವಿಯ ನೀರಿನ ಪರೀಕ್ಷೆಯಿಲ್ಲದೆ ಕರಾರಿಗೆ ಸಹಿ ಹಾಕಬಾರದು. ಕಣಿವೆಯ ರಸ್ತೆಗಳು ಮುಚ್ಚಿದಾಗ ನೆತ್ತಿಯವರು ಒಣಗಿದ ಮನೆಯಲ್ಲೇ ದಿಗ್ಬಂಧನದಲ್ಲಿರುತ್ತಾರೆ; ನೆತ್ತಿಯಿಂದ ನೆತ್ತಿಗೇ ಸಾಗುವ ಇನ್ನೊಂದು ದಾರಿ ಇದೆಯೇ ಎಂದು ನಕ್ಷೆಯಲ್ಲಿ ನೋಡಿಕೊಂಡರೆ ಸಾಕು.

ವಿಮೆಯ ಲೆಕ್ಕ

‘ನೂರು ವರ್ಷದ ನೆರೆ’ ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಯಾವುದೇ ವರ್ಷದಲ್ಲಿ ನೂರರಲ್ಲೊಂದು ಸಂಭವ ಎಂಬುದಷ್ಟೇ ಅದರ ಅರ್ಥ. ಮೂವತ್ತು ವರ್ಷಗಳ ಗೃಹಸಾಲದ ಅವಧಿಯಲ್ಲಿ ಒಮ್ಮೆಯಾದರೂ ಅದು ಬರುವ ಸಂಭವ ನೂರಕ್ಕೆ 26. ಸಾಧಾರಣ ಗೃಹವಿಮೆ ನೆರೆಯ ಹಾನಿಯನ್ನು ಭರಿಸುವುದಿಲ್ಲ. 1968ರಲ್ಲಿ ಆರಂಭವಾದ ರಾಷ್ಟ್ರೀಯ ನೆರೆವಿಮಾ ಯೋಜನೆಯಲ್ಲಿ ಒಂದು ಕುಟುಂಬದ ಮನೆಯ ಕಟ್ಟಡಕ್ಕೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್ ಗರಿಷ್ಠ ಮಿತಿ. ನೆಲಮಾಳಿಗೆಯ ವಸ್ತುಗಳಿಗೆ ಸಿಗುವುದು ಬಹಳ ಕಡಿಮೆ. 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಕಂತನ್ನು ವಲಯದ ಗೆರೆಯಿಂದಲ್ಲ, ನೀರಿನಿಂದ ಇರುವ ದೂರ, ನೆಲದ ಎತ್ತರ, ಮನೆ ಮರುಕಟ್ಟಲು ತಗಲುವ ವೆಚ್ಚಗಳಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ಮಾರುವವರು ಈಗ ಕಟ್ಟುತ್ತಿರುವ ಕಂತನ್ನು ನಂಬಿ ಕೊಳ್ಳಬಾರದು: ಹಳೆಯ ಪಾಲಿಸಿಯ ಕಂತು ವರ್ಷಕ್ಕೆ ನೂರಕ್ಕೆ 18ರ ಮಿತಿಯೊಳಗೆ ಮೆಲ್ಲಗೆ ಏರುತ್ತಿರಬಹುದು, ಹೊಸದಾಗಿ ಪಾಲಿಸಿ ಮಾಡಿಸುವವರಿಗೆ ಪೂರ್ತಿ ಮೊತ್ತ ಮೊದಲ ದಿನವೇ ಬೀಳಬಹುದು. ಹಳೆಯ ಪಾಲಿಸಿಯನ್ನು ಮನೆಯೊಡನೆ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಸಾಧ್ಯವೇ ಎಂದು ಮಾತುಕತೆಯ ಹಂತದಲ್ಲೇ ವಿಚಾರಿಸುವುದು ಲಾಭಕರ.

ಅಪಾಯವಲಯದ ಹೊರಗಿನ ಕಿರುಕಣಿವೆ ಮನೆಗೆ ಸಾಲ ಕೊಡುವವರು ನೆರೆವಿಮೆ ಕೇಳದೆ ಇರಬಹುದು. ಆದರೂ ಅದನ್ನು ಮಾಡಿಸುವುದು ಒಳ್ಳೆಯದು. ಗೃಹಸಾಲದ ಜೊತೆಗಲ್ಲದೆ ಸ್ವತಂತ್ರವಾಗಿ ಕೊಂಡ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕಾಗುವುದರಿಂದ, ಹವಾಮಾನ ಇಲಾಖೆಯ ಎಚ್ಚರಿಕೆ ಕೇಳಿದ ಮೇಲೆ ಏಜೆಂಟರಿಗೆ ಫೋನ್ ಮಾಡಿ ಫಲವಿಲ್ಲ. ಮಿಸಿಸಿಪಿಯ ಬದಿಯವರು ಫೆಬ್ರವರಿಯೊಳಗೆ, ಕಿಕಪೂ ಮತ್ತು ತೊರೆಗಳ ಬದಿಯವರು ಏಪ್ರಿಲ್ ಮುಗಿಯುವುದರೊಳಗೆ ಆ ಕಾಗದಪತ್ರಗಳನ್ನು ಮುಗಿಸಿಕೊಂಡಿರಬೇಕು.